"ನಶೆ ಏರಿದೆ, ಮಲಗಿಸು" ಎಂದು ಬಿಟ್ಟ ಆ ಎಂಟು ಗಂಟೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ಫಿಸಿಯೋಥೆರಪಿಸ್ಟ್. 14 ವರ್ಷದಿಂದ ಲಕ್ವ ಹೊಡೆದವರ ಕೈಕಾಲು ಆಡಿಸುವುದೇ ನನ್ನ ಕೆಲಸ. ಊರಿನ ಹೆಸರು ಬರೆಯುತ್ತಿಲ್ಲ. ಬರೆದರೆ, ನನ್ನ ಹತ್ತಿರ ಚಿಕಿತ್ಸೆಗೆ ಬರುವ, ಈ ಪತ್ರದಲ್ಲಿ ನಾನು ಹೇಳಲಿರುವ ಹುಡುಗನ ಗುರುತು ಸಿಕ್ಕಿಬಿಡುತ್ತದೆ. ಒಂದು ಜಿಲ್ಲಾ ಕೇಂದ್ರ, ಕಾಲೇಜು, ಪಿಜಿಗಳು ಜಾಸ್ತಿ ಇರುವ ಊರು ಅಂತಿಟ್ಟುಕೊಳ್ಳಿ. ಈ ಪತ್ರ ಬರೆಯಲಾ ಅಂತ ಹುಡುಗನನ್ನೇ ಕೇಳಿದೆ. ತಲೆಯಾಡಿಸಿ ಒಪ್ಪಿದ. ಮಾತು ಅವನಿಗೆ ಇನ್ನೂ ಪೂರ್ತಿ ಬಂದಿಲ್ಲ.

ಅವನಿಗೆ 24 ವರ್ಷ. ಬಲಗೈ, ಬಲಗಾಲು ಸ್ವಾಧೀನ ತಪ್ಪಿದೆ. ನಮ್ಮಲ್ಲಿ ಒಂದು ಅಭ್ಯಾಸ ಮಾಡಿಸುತ್ತೇವೆ. ತಟ್ಟೆಯಲ್ಲಿ 20 ಕಡಲೆಕಾಳು ಹಾಕಿ, ಒಂದೊಂದನ್ನೇ ಹೆಬ್ಬೆರಳು, ತೋರುಬೆರಳಿನಲ್ಲಿ ಹಿಡಿದು ಪಕ್ಕದ ಬಟ್ಟಲಿಗೆ ಹಾಕಬೇಕು. ಮೊದಲ ದಿನ ಒಂದು ಕಾಳನ್ನೂ ಹಿಡಿಯಲಾಗಲಿಲ್ಲ. ಬೆರಳು ಬಿಡಿಸಲೇ ಬರುತ್ತಿರಲಿಲ್ಲ. ಈಗ 20 ಕಾಳಿಗೆ 11 ನಿಮಿಷ ತಗೊಳ್ತಾನೆ. ಕೊನೆಯ ಕಾಳು ಬಟ್ಟಲಿಗೆ ಬೀಳುವ ಹೊತ್ತಿಗೆ ಅಂಗಿಯ ಬೆನ್ನು ಒದ್ದೆಯಾಗಿರುತ್ತದೆ.

ಮಾತಿನದ್ದು ಇನ್ನೂ ಕಷ್ಟ. ಟೈಮ್ ಎಷ್ಟು ಅಂತ ಕೇಳಿದರೆ ಗಡಿಯಾರ ನೋಡುತ್ತಾನೆ, ಗೊತ್ತಾಗುತ್ತದೆ, ಬಾಯಿಗೆ ಬರುವುದಿಲ್ಲ. ಆಗ ಒಂದು, ಎರಡು, ಮೂರು ಅಂತ ಮೊದಲಿಂದ ಎಣಿಸಿಕೊಂಡು ಬರುತ್ತಾನೆ. ಏಳಕ್ಕೆ ಬಂದು ನಿಲ್ಲುತ್ತಾನೆ. ಏಳು ಗಂಟೆ ಅಂತ ಅರ್ಥ. ಸಣ್ಣವರಿದ್ದಾಗ ಬಾಯಿಪಾಠ ಮಾಡಿದ್ದು ಉಳಿದಿರುತ್ತದೆ, ಬೇಕಾದಾಗ ಬೇಕಾದ ಪದ ಮಾತ್ರ ಸಿಗುವುದಿಲ್ಲ. ಎಡ ಮೆದುಳಿಗೆ ಪೆಟ್ಟು ಬಿದ್ದ ತುಂಬಾ ಜನರಲ್ಲಿ ನಾನು ಇದನ್ನು ನೋಡಿದ್ದೇನೆ. ಆದರೆ ಅವರೆಲ್ಲ 60 ದಾಟಿದವರು.

ಪ್ರತಿ ಸಲ ಅವನ ಜೊತೆ ಒಬ್ಬ ಗೆಳೆಯ ಬರುತ್ತಿದ್ದ. ಆಟೋದಿಂದ ಇಳಿಸುವುದು, ಚಪ್ಪಲಿ ಹಾಕುವುದು, ನೀರು ಕುಡಿಸುವುದು ಎಲ್ಲಾ ಅವನೇ. ಅಣ್ಣ ತಮ್ಮ ಇರಬೇಕು ಅಂದುಕೊಂಡಿದ್ದೆ. ಮೂರನೇ ವಾರದಲ್ಲಿ ಒಂದು ದಿನ, ಹುಡುಗನನ್ನು ಅವರಪ್ಪ ಬಾತ್‌ರೂಮಿಗೆ ಕರೆದುಕೊಂಡು ಹೋದಾಗ, ಈ ಗೆಳೆಯ ನನ್ನ ಹತ್ತಿರ ಬಂದ. ಕಣ್ಣಿಟ್ಟು ನೋಡಲಿಲ್ಲ. "ಮೇಡಂ, ಅವತ್ತು ನಾವು ಸೊಪ್ಪು ಹೊಡೆದಿದ್ವಿ" ಅಂದ.

ಸೊಪ್ಪು ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಹಳಬರು ಭಂಗಿ ಅನ್ನುತ್ತಿದ್ದರು. ಪೊಲೀಸ್ ಎಫ್‌ಐಆರ್‌ನಲ್ಲಿ ಅದೇ ಗಾಂಜಾ.

ಆ ರಾತ್ರಿ ರೂಮಿನಲ್ಲಿ ನಾಲ್ಕು ಜನ ಇದ್ದರಂತೆ. ಸುಮಾರು ಹತ್ತೂವರೆಗೆ ಇವನ ಕೈಯಿಂದ ಸಿಗರೇಟು ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದ, ಆಗಲಿಲ್ಲ. ಏನೋ ಹೇಳಿದ, ತೊದಲಿತು. ಎಲ್ಲರೂ ನಕ್ಕರು. "ಜಾಸ್ತಿ ಏರಿದೆ ಕಣೋ, ಮಲಗಿಸು, ಬೆಳಿಗ್ಗೆ ಇಳಿಯುತ್ತೆ" ಅಂದ ಒಬ್ಬ. ಮುಖಕ್ಕೆ ನೀರು ಹೊಡೆದರು. ನಿಂಬೆಹಣ್ಣಿನ ಪಾನಕ ಕುಡಿಸಲು ನೋಡಿದರು, ಬಾಯಿಯ ಒಂದು ಪಕ್ಕದಿಂದ ಸುರಿದು ಹೋಯಿತು. ಆಗ ಈ ಗೆಳೆಯನಿಗೆ ಭಯವಾಗಿ 108ಕ್ಕೆ ಫೋನ್ ಮಾಡಲು ಹೋದ. ಇನ್ನೊಬ್ಬ ಕೈ ಹಿಡಿದ. "ಪೊಲೀಸ್ ಬಂದ್ರೆ? ಎಲ್ರನ್ನೂ ಎತ್ತಾಕ್ಕೊಂಡು ಹೋಗಿ ಯೂರಿನ್ ಟೆಸ್ಟ್ ಮಾಡಿಸ್ತಾರೆ. ಕಾಲೇಜು, ಕೆಲ್ಸ ಎಲ್ಲಾ ಹೋಗುತ್ತೆ." ಫೋನ್ ಕೆಳಗಿಟ್ಟ.

ಬೆಳಿಗ್ಗೆ ಆರೂವರೆಗೆ ನೋಡಿದರೆ ಹಾಸಿಗೆ ಒದ್ದೆ. ಬಲಗಡೆ ಅಲ್ಲಾಡುತ್ತಿಲ್ಲ. ಆಗಲೂ ಅವರು ಮೊದಲು ಮಾಡಿದ ಕೆಲಸ ರೂಮು ಗುಡಿಸಿದ್ದು. ಪೊಟ್ಟಣ ಬಿಸಾಕಿ, ಕಿಟಕಿ ತೆಗೆದು, ಸೆಂಟ್ ಹೊಡೆದು, ಆಮೇಲೆ ಆಟೋ ಕರೆದರು. ಆಸ್ಪತ್ರೆಯಲ್ಲಿ "ಯಾವಾಗ ಶುರುವಾಯ್ತು?" ಅಂತ ಕೇಳಿದರು. "ಬೆಳಿಗ್ಗೆ ಎದ್ದಾಗ" ಅಂದರು. ಅಷ್ಟು ಹೊತ್ತಿಗೆ ಅಪ್ಪ ಅಮ್ಮ ಬಂದರು. ಕಾರಿಡಾರಿನಲ್ಲಿ, ಅಪ್ಪನ ಎದುರಿಗೇ, ಡಾಕ್ಟರು ಕೇಳಿದರು: "ಹುಡುಗನಿಗೆ ಏನಾದರೂ ಚಟ ಇದೆಯಾ?" ಅಪ್ಪ "ಛೆ, ಛೆ, ಇಲ್ಲ ಸಾರ್" ಅಂದರು. ಗೆಳೆಯರು ನೆಲ ನೋಡಿದರು. ಕೇಸ್ ಶೀಟಿನಲ್ಲಿ "ಯಾವುದೇ ಚಟ ಇಲ್ಲ" ಅಂತ ದಾಖಲಾಯಿತು.

ಕೇಳಿದ್ದು ತಪ್ಪಲ್ಲ. ಕೇಳಿದ ಜಾಗ ತಪ್ಪು. ನಾನು ಡಾಕ್ಟರನ್ನು ದೂರುತ್ತಿಲ್ಲ. ಆ ವಾರ್ಡಿನ ಗದ್ದಲ ನನಗೆ ಗೊತ್ತು.

ಇದನ್ನೆಲ್ಲ ಹೇಳಿ ಮುಗಿಸಿ ಆ ಗೆಳೆಯ ಒಂದು ಪ್ರಶ್ನೆ ಕೇಳಿದ. "ಅವತ್ತು ರಾತ್ರಿನೇ ನಾನು 108ಕ್ಕೆ ಫೋನ್ ಮಾಡಿದ್ರೆ, ನನ್ನ ಪೊಲೀಸ್ ಹಿಡೀತಿದ್ರಾ ಮೇಡಂ?" ನನಗೆ ಉತ್ತರ ಗೊತ್ತಿರಲಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಸಚಿವರೇ, ಸ್ಟ್ರೋಕಿನಲ್ಲಿ, ಅಂದರೆ ಲಕ್ವದಲ್ಲಿ, ಹೊತ್ತು ಅಂದರೆ ಏನು ಅಂತ ನಿಮ್ಮ ಇಲಾಖೆಗೆ ಚೆನ್ನಾಗಿ ಗೊತ್ತು. ದೊಡ್ಡ ರಕ್ತನಾಳ ಕಟ್ಟಿಕೊಂಡರೆ ಮೆದುಳಿನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು, ಶುರುವಾದ ಹೊತ್ತಿನಿಂದ ನಾಲ್ಕೂವರೆ ಗಂಟೆಯ ಅವಕಾಶ ಇರುತ್ತದೆ. ಅದರೊಳಗೆ ಸಿಟಿ ಸ್ಕ್ಯಾನ್ ಆಗಿ, ರಕ್ತಸ್ರಾವ ಇಲ್ಲ ಅಂತ ಗೊತ್ತಾಗಬೇಕು. ತೊಡೆಯಿಂದ ತಂತಿ ಹಾಯಿಸಿ ಹೆಪ್ಪು ಎಳೆದು ತೆಗೆಯುವ ಚಿಕಿತ್ಸೆಯನ್ನು ಕೆಲವರಿಗೆ 24 ಗಂಟೆವರೆಗೂ ಮಾಡುತ್ತಾರೆ, ಆದರೆ ಅದು ದೊಡ್ಡ ಊರುಗಳಲ್ಲಿ, ಆಯ್ದ ರೋಗಿಗಳಿಗೆ. ಇವನ ರೂಮಿನಿಂದ ಸ್ಕ್ಯಾನ್ ಇರುವ ಆಸ್ಪತ್ರೆಗೆ ಆಟೋದಲ್ಲಿ 15 ನಿಮಿಷ. ಹತ್ತೂವರೆಗೆ ಹೊರಟಿದ್ದರೆ ಹನ್ನೊಂದರೊಳಗೆ ಬೆಡ್ ಮೇಲೆ ಇರುತ್ತಿದ್ದ. ಇಂಜೆಕ್ಷನ್ ಕೊಟ್ಟವರೆಲ್ಲ ಎದ್ದು ಓಡಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಇವನಿಗೆ ಆ ಅವಕಾಶವೇ ಸಿಗಲಿಲ್ಲ.

ಗಾಂಜಾದಿಂದ ಲಕ್ವ ಹೊಡೆಯುತ್ತದಾ ಅಂತ ಕೇಳುವವರು ತುಂಬಾ ಜನ. ನನಗೂ ಅನುಮಾನ ಇತ್ತು. ಆಮೇಲೆ ಓದಿದೆ, ನಮ್ಮ ನರರೋಗ ತಜ್ಞರನ್ನು ಕೇಳಿದೆ. 2011ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ವೈದ್ಯರು ಒಂದು ವರದಿ ಬರೆದರು. 45 ವಯಸ್ಸಿನೊಳಗಿನ 48 ಸ್ಟ್ರೋಕ್ ರೋಗಿಗಳನ್ನು ಸಾಲಾಗಿ, ಯಾರನ್ನೂ ಬಿಡದೆ ತಪಾಸಣೆ ಮಾಡಿದ್ದರು. ಅವರಲ್ಲಿ 10 ಜನರಲ್ಲಿ ಎರಡೂ ಒಟ್ಟಿಗೆ ಕಂಡವು: ಗಾಂಜಾ ಸೇದುತ್ತಿದ್ದರು, ಮೆದುಳಿನ ರಕ್ತನಾಳಗಳೂ ಒಂದಲ್ಲ, ಹಲವು ಕಡೆ ಕಿರಿದಾಗಿದ್ದವು. ವಯಸ್ಸಾದವರಲ್ಲಿ ಕೊಬ್ಬು ಕಟ್ಟಿ ಕಿರಿದಾಗುತ್ತದಲ್ಲ, ಇದು ಹಾಗಲ್ಲ. ನಾಳವೇ ಮುದುಡಿಕೊಂಡಿತ್ತು. ಸೇದುವುದನ್ನು ಬಿಟ್ಟವರಲ್ಲಿ ಕೆಲವು ತಿಂಗಳಲ್ಲಿ ಅದು ಮತ್ತೆ ಬಿಡಿಸಿಕೊಂಡಿತು. ಬಿಡದೆ ಮತ್ತೆ ಸೇದಿ, ಮತ್ತೆ ಸ್ಟ್ರೋಕ್ ಆದವರ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಹುಡುಗನ ಒಪ್ಪಿಗೆ ಪಡೆದು ನಾನು ಡಾಕ್ಟರಿಗೆ ವಿಷಯ ಹೇಳಿದಾಗ ಅವರು ಸುಮ್ಮನೆ ಹಳೇ ಆಂಜಿಯೋ ಫಿಲಂ ತೆಗೆದು ಬೆಳಕಿಗೆ ಹಿಡಿದರು. ಪೋಣಿಸಿದ ಮಣಿಯ ಹಾಗೆ ನಾಳ ಅಲ್ಲಲ್ಲಿ ಸಣ್ಣ, ಅಲ್ಲಲ್ಲಿ ದಪ್ಪ. "ಇದು ಯಾಕೆ ಹೀಗಿದೆ ಅಂತ ನಾವು ಎಲ್ಲಾ ಟೆಸ್ಟ್ ಮಾಡಿಸಿದ್ವಿ" ಅಂದರು. ಎಲ್ಲಾ ಟೆಸ್ಟ್ ಅಂದರೆ ಹೃದಯದ ಎಕೋ, ರಕ್ತ ಹೆಪ್ಪುಗಟ್ಟುವ ಕಾಯಿಲೆಗಳ ಪರೀಕ್ಷೆ, ಇನ್ನೂ ಏನೇನೋ. ಅವರಪ್ಪ ಎರಡು ಎಮ್ಮೆ ಮಾರಿದ್ದರು.

ಗಾಂಜಾದಲ್ಲಿರುವ, ನಶೆ ಏರಿಸುವ ಅಂಶವಾದ ಟಿಎಚ್‌ಸಿ ಹೃದಯದ ಬಡಿತ ಏರಿಸುತ್ತದೆ. ಬಿಪಿಯನ್ನು ಒಮ್ಮೆ ಏರಿಸಿ ಒಮ್ಮೆ ಇಳಿಸುತ್ತದೆ. ಕೆಲವರಲ್ಲಿ ಹೃದಯದ ಲಯ ತಪ್ಪುತ್ತದೆ, ಹಾಗೆ ತಪ್ಪಿದಾಗ ಹೆಪ್ಪುಗಟ್ಟಿ ಅದು ಮೆದುಳಿಗೆ ಹೋಗಬಹುದು. ಇದರ ಮೇಲೆ ಹೊಗೆ ಬೇರೆ.

ದೊಡ್ಡ ಲೆಕ್ಕಗಳೂ ಇದನ್ನೇ ಹೇಳುತ್ತವೆ. ಅಮೆರಿಕದ 4,34,000ಕ್ಕೂ ಜಾಸ್ತಿ ಜನರ ಮಾಹಿತಿ ಇಟ್ಟುಕೊಂಡು 2024ರಲ್ಲಿ ಬಂದ ಅಧ್ಯಯನದ ಪ್ರಕಾರ, ದಿನಾ ಗಾಂಜಾ ಬಳಸುವವರಲ್ಲಿ ಸ್ಟ್ರೋಕಿನ ಸಾಧ್ಯತೆ ಶೇ 42ರಷ್ಟು ಜಾಸ್ತಿ. ವಾರಕ್ಕೊಮ್ಮೆ ಬಳಸುವವರಲ್ಲಿ ಶೇ 5ರಷ್ಟು ಮಾತ್ರ. 18ರಿಂದ 44 ವಯಸ್ಸಿನವರನ್ನೇ ನೋಡಿದ ಇನ್ನೊಂದು ಅಧ್ಯಯನ 2020ರದ್ದು. ತಿಂಗಳಿಗೆ 10 ದಿನಕ್ಕಿಂತ ಜಾಸ್ತಿ ಗಾಂಜಾ ಬಳಸುವವರಲ್ಲಿ ಸ್ಟ್ರೋಕಿನ ಸಾಧ್ಯತೆ ಸುಮಾರು ಎರಡೂವರೆ ಪಟ್ಟು, ಜೊತೆಗೆ ಸಿಗರೇಟೂ ಸೇದುತ್ತಿದ್ದರೆ ಮೂರು ಪಟ್ಟು ದಾಟುತ್ತದೆ ಅಂತ ಅದು ಹೇಳಿತು.

ಇದರ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಸ್ಟ್ರೋಕ್ ಆಗಿ ಬಂದ 18ರಿಂದ 55 ವಯಸ್ಸಿನವರ ಮೂತ್ರ ಪರೀಕ್ಷೆ ಮಾಡಿದಾಗ ಶೇ 16 ಜನರಲ್ಲಿ ಗಾಂಜಾ ಸಿಕ್ಕಿತು. ಬೇರೆ ರೋಗಿಗಳಲ್ಲಿ ಶೇ 8. ಆದರೆ ತಂಬಾಕಿನ ಲೆಕ್ಕ ಕಳೆದ ಮೇಲೆ ಆ ವ್ಯತ್ಯಾಸ ಖಚಿತವಾಗಿ ಹೇಳುವಷ್ಟು ಉಳಿಯಲಿಲ್ಲ. ಸ್ವೀಡನ್ನಿನಲ್ಲಿ 1969-70ರಲ್ಲಿ ಸೇನೆಗೆ ತಪಾಸಣೆಯಾದ ಸುಮಾರು 49,000 ಯುವಕರನ್ನು ವರ್ಷಗಟ್ಟಲೆ ನೋಡಿದಾಗಲೂ ಎದ್ದು ಕಂಡ ಅಪರಾಧಿ ತಂಬಾಕೇ. ಹಾಗಾಗಿ ಈ ಹುಡುಗನಿಗೆ ಗಾಂಜಾದಿಂದಲೇ ಆಯಿತು ಅಂತ ಯಾರೂ ಆಣೆ ಇಟ್ಟು ಹೇಳಲಾರರು.

ಆದರೆ ನಮ್ಮ ಹುಡುಗರು ಸೇದುವುದು ಹೇಗೆ? ಸಿಗರೇಟಿನ ತಂಬಾಕನ್ನು ಅಂಗೈಗೆ ಉದುರಿಸಿಕೊಳ್ಳುತ್ತಾರೆ. ಸೊಪ್ಪಿನ ಬೀಜ, ಕಡ್ಡಿ ತೆಗೆದು ಅದರ ಜೊತೆ ಉಜ್ಜುತ್ತಾರೆ. ಎರಡನ್ನೂ ಸೇರಿಸಿ ಮತ್ತೆ ಕೊಳವೆಗೆ ತುಂಬುತ್ತಾರೆ. ಗೆಳೆಯ ನನಗೆ ಅಂಗೈಯಲ್ಲೇ ಮಾಡಿ ತೋರಿಸಿದ. ತಂಬಾಕಾ, ಗಾಂಜಾನಾ ಅನ್ನುವ ವಾದ ಸಂಶೋಧಕರಿಗೆ ಬೇಕು. ಇವರ ಮೆದುಳಿಗೆ ಎರಡೂ ಒಟ್ಟಿಗೇ ಹೋಗುತ್ತವೆ.

"ಗಿಡ ಅಲ್ವಾ ಮೇಡಂ, ನ್ಯಾಚುರಲ್" ಅನ್ನುತ್ತಾರೆ. ಸಾಧುಗಳು ಚಿಲುಮೆ ಸೇದಲ್ವಾ ಅನ್ನುತ್ತಾರೆ. ವಿಷದ ಉಮ್ಮತ್ತಿಯೂ ಗಿಡವೇ. ಅದೂ ಅಲ್ಲದೆ ಹಳೇ ಕಾಲದ ಸೊಪ್ಪಿಗೂ ಇವತ್ತಿನದ್ದಕ್ಕೂ ತುಂಬಾ ದೂರ. ಅಮೆರಿಕದಲ್ಲಿ ಪೊಲೀಸರು ಹಿಡಿದ ಮಾಲನ್ನು ಪರೀಕ್ಷೆ ಮಾಡಿದಾಗ 1995ರಲ್ಲಿ ಟಿಎಚ್‌ಸಿ ಶೇ 4ರ ಆಸುಪಾಸು ಇತ್ತು, 2014ಕ್ಕೆ ಶೇ 12 ಆಗಿತ್ತು. ನಮ್ಮಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಥಾಯ್ಲೆಂಡಿನಿಂದ ಬಂದ ಹೈಡ್ರೋ ಗಾಂಜಾ ಹಿಡಿದ ಸುದ್ದಿ ಓದುತ್ತಲೇ ಇರುತ್ತೇವೆ. ಮಣ್ಣಿಲ್ಲದೆ, ಬಲ್ಬಿನ ಬೆಳಕಲ್ಲಿ, ನಶೆ ಜಾಸ್ತಿ ಬರಲಿ ಅಂತಲೇ ಬೆಳೆಸಿದ್ದು ಅದು.

ಕೇಂದ್ರ ಸರ್ಕಾರಕ್ಕೆ ಏಮ್ಸ್ ಮಾಡಿಕೊಟ್ಟು 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಒಂದು ವರ್ಷದಲ್ಲಿ ಭಂಗ್, ಗಾಂಜಾ, ಚರಸ್ ಯಾವುದಾದರೂ ಬಳಸಿದವರು 3.1 ಕೋಟಿ. ಕಾನೂನು ನಿಷೇಧಿಸಿದ ಗಾಂಜಾ, ಚರಸ್ಸನ್ನೇ ತೆಗೆದುಕೊಂಡರೂ 1.3 ಕೋಟಿ. ಇವರೆಲ್ಲರಿಗೂ ಸ್ಟ್ರೋಕ್ ಆಗುವುದಿಲ್ಲ. ಬಹುಪಾಲು ಜನರಿಗೆ ಆಗುವುದಿಲ್ಲ. ಆದರೆ ಆಗುವವರಿಗೆ ಆಗುವುದು ಇಂಥ ರೂಮಿನಲ್ಲೇ, ಇಂಥ ಗೆಳೆಯರ ನಡುವೆಯೇ.

ಈ ಪತ್ರ ಓದುವ ಹುಡುಗ ಹುಡುಗಿಯರಿಗೆ, ಪಿಜಿ ನಡೆಸುವವರಿಗೆ, ವಾರ್ಡನ್‌ಗಳಿಗೆ ಇಲ್ಲೇ ಒಂದು ಮಾತು. ನಶೆ ಏರಿದರೆ ಮೈಯ ಎರಡೂ ಕಡೆ ಒಂದೇ ಥರ ಜೋಮು, ಒಂದೇ ಥರ ನಿಧಾನ. ಲಕ್ವ ಒಂದು ಕಡೆ ಹಿಡಿಯುತ್ತದೆ. ಅನುಮಾನ ಬಂದರೆ ನಗು ಅನ್ನಿ, ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗುತ್ತದಾ ನೋಡಿ. ಎರಡೂ ಕೈ ಮುಂದೆ ಚಾಚಿ ಹಿಡಿ ಅನ್ನಿ, ಒಂದು ಕೈ ಕೆಳಗೆ ಇಳಿಯುತ್ತದಾ ನೋಡಿ. ಹೆಸರು, ಊರು ಹೇಳಿಸಿ, ತೊದಲುತ್ತದಾ ಕೇಳಿ. ಒಮ್ಮೆಲೇ ಒಂದು ಕಣ್ಣು ಮಂಜಾದರೆ, ನಡೆಯುವಾಗ ವಾಲಿದರೆ, ಸಿಡಿಲು ಹೊಡೆದಂಥ ತಲೆನೋವು ಬಂದರೆ ಅದೂ ಎಚ್ಚರಿಕೆಯೇ. ಇವುಗಳಲ್ಲಿ ಒಂದು ಕಂಡರೂ ಸಾಕು, 108. ಬಾಯಿಗೆ ನೀರು, ಪಾನಕ, ಮಜ್ಜಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ನಾಟಿ ಔಷಧಿ, ಪಾರಿವಾಳದ ರಕ್ತ ಅಂತ ಹೋಗಿ ಹೊತ್ತು ಕಳೆಯಬೇಡಿ. ಎಷ್ಟು ಗಂಟೆಯವರೆಗೆ ಚೆನ್ನಾಗಿದ್ದ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಡಾಕ್ಟರಿಗೆ ಆ ಒಂದು ಟೈಮ್ ನಿಜ ಹೇಳಿ.

ಸಚಿವರೇ, ಈಗ ನಿಮ್ಮ ಕೈಯಲ್ಲಿ ಆಗುವ ಕೆಲಸಕ್ಕೆ ಬರುತ್ತೇನೆ.

ರಸ್ತೆಯಲ್ಲಿ ಬಿದ್ದವನನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್, ಕೋರ್ಟು ಅಂತ ಅಲೆಯಬೇಕು ಅನ್ನುವ ಭಯ ಜನರಿಗಿತ್ತು. ಅದನ್ನು ಹೋಗಲಾಡಿಸಲು ಕಾನೂನು ತಂದ ಮೊದಲ ರಾಜ್ಯ ನಮ್ಮದೇ. 2016ರಲ್ಲಿ ವಿಧಾನಮಂಡಲ ಒಪ್ಪಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ನೆರವಾದವರಿಗೆ ಕಿರುಕುಳ ಕೊಡುವಂತಿಲ್ಲ ಅಂತಾಯಿತು. ನನಗೆ ಆಗ ತುಂಬಾ ಹೆಮ್ಮೆಯಾಗಿತ್ತು. ಅದೇ ರಕ್ಷಣೆ ಆ ರೂಮಿನ ಗೆಳೆಯನಿಗೂ ಬೇಕು. ನಶೆಯಲ್ಲಿರುವ ಸ್ನೇಹಿತನಿಗೆ ಜೀವಕ್ಕೆ ಅಪಾಯ ಬಂದಾಗ 108ಕ್ಕೆ ಫೋನ್ ಮಾಡಿದವನ ಮೇಲೆ, ಆ ಸ್ನೇಹಿತನ ಮೇಲೆ, ಸೇವನೆಯ ಕೇಸು ಹಾಕುವುದಿಲ್ಲ ಅನ್ನುವ ಖಚಿತ ಮಾತು. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯ ಮಾದಕ ವಸ್ತು ಮಿತಿಮೀರಿ ಪ್ರಾಣಕ್ಕೆ ಬಂದಾಗ ಫೋನ್ ಮಾಡಿದವರಿಗೆ 2007ರಲ್ಲೇ ಇಂಥ ಕಾನೂನು ಮಾಡಿತು, ಆಮೇಲೆ ಬೇರೆ ರಾಜ್ಯಗಳೂ ಮಾಡಿದವು.

1985ರ ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಅನ್ನುವ ಸೆಕ್ಷನ್ ಇದೆ. ಚಟಕ್ಕೆ ಬಿದ್ದವನು ತಾನಾಗಿ ಚಟ ಬಿಡಿಸುವ ಚಿಕಿತ್ಸೆಗೆ ಸೇರಿದರೆ, ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಅವನಿಗೆ ವಿಚಾರಣೆಯಿಂದ ವಿನಾಯಿತಿ ಸಿಗುತ್ತದೆ. ನನ್ನ ಹತ್ತಿರ ಬರುವ ಹುಡುಗರನ್ನು, ಅವರ ಮನೆಯವರನ್ನು ಕೇಳಿದ್ದೇನೆ. ಒಬ್ಬರಿಗೂ ಇದು ಗೊತ್ತಿರಲಿಲ್ಲ. ಆದರೆ ನಡುರಾತ್ರಿ ಲಕ್ವ ಹೊಡೆದವನನ್ನು ಹೊತ್ತು ತರುವ ಗೆಳೆಯನಿಗೆ ಆ ಸೆಕ್ಷನ್ ಸಾಕಾಗುವುದಿಲ್ಲ. ಕೇಂದ್ರದ ಕಾಯ್ದೆ ತಿದ್ದುವುದು ನಿಮ್ಮ ಕೈಯಲ್ಲಿಲ್ಲ, ನನಗೆ ಗೊತ್ತು. ಆದರೆ ಗೃಹ ಸಚಿವರ ಜೊತೆ ಕೂತು ಪೊಲೀಸರಿಗೆ ಒಂದು ಸ್ಪಷ್ಟ ಸೂಚನೆ ಕೊಡಿಸುವುದು ಸಾಧ್ಯ ಅಲ್ವಾ? ಮಾರುವವರನ್ನು ಹಿಡಿಯಿರಿ, ಬೇಡ ಅಂದವರು ಯಾರು? ಆಂಬುಲೆನ್ಸ್ ಹಿಂದೆ ಜೀಪು ಹೋಗದಿದ್ದರೆ ಸಾಕು.

ಎರಡನೆಯದು ಕೇಳುವ ರೀತಿ. ಚಿಕ್ಕ ವಯಸ್ಸಿನವರು ಸ್ಟ್ರೋಕ್ ಆಗಿ ಬಂದರೆ ಗಾಂಜಾ ಬಗ್ಗೆ ಹೆಸರು ಹಿಡಿದು ಕೇಳಬೇಕು, ಬರೀ ಚಟ ಅಂತ ಅಲ್ಲ. ಮನೆಯವರನ್ನು ಹೊರಗೆ ಕೂರಿಸಿ ಕೇಳಬೇಕು. "ನೀನು ಹೇಳಿದ್ದು ಪೊಲೀಸರಿಗೆ ಹೋಗಲ್ಲಪ್ಪ, ಚಿಕಿತ್ಸೆಗೆ ಬೇಕು" ಅಂತ ಮೊದಲೇ ಹೇಳಬೇಕು. ಮೂತ್ರ ಪರೀಕ್ಷೆ ಇದಕ್ಕೆ ಬದಲಿಯಲ್ಲ. ದಿನಾ ಸೇದುವವರಲ್ಲಿ ಬಿಟ್ಟು ವಾರಗಳಾದರೂ ಅದು ಪಾಸಿಟಿವ್ ತೋರಿಸುತ್ತದೆ, ಯಾವಾಗ ಸೇದಿದ, ಎಷ್ಟು ಸೇದಿದ ಅನ್ನುವುದನ್ನು ಹೇಳುವುದಿಲ್ಲ. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಮೆದುಳಿನ ಆರೋಗ್ಯದ ಯೋಜನೆ ಶುರು ಮಾಡಿದೆ, ಜಿಲ್ಲೆಗಳಲ್ಲಿ ಕ್ಲಿನಿಕ್ ತೆರೆದಿದೆ. ಈ ಒಂದು ಪ್ರಶ್ನೆಯನ್ನು ಅಲ್ಲಿಂದಲೇ ಶುರು ಮಾಡಬಹುದು. ಅದಕ್ಕೆ ಹೊಸ ಯಂತ್ರ ಬೇಡ, ಬಜೆಟ್ ಬೇಡ. ಒಂದು ಪರದೆ, ಎರಡು ನಿಮಿಷ.

ಪ್ರತಿ ವರ್ಷ ಜೂನ್ 26ಕ್ಕೆ ಕಾಲೇಜುಗಳಲ್ಲಿ ಮಾದಕ ವಸ್ತು ವಿರೋಧಿ ದಿನ ನಡೆಯುತ್ತದೆ. ಪ್ರಮಾಣವಚನ, ಜಾಥಾ, ಪೊಲೀಸ್ ಅಧಿಕಾರಿಯ ಭಾಷಣ. ಎಷ್ಟು ವರ್ಷ ಜೈಲು, ಎಷ್ಟು ದಂಡ ಅಂತ ಹೇಳುತ್ತಾರೆ. ಆ ರೂಮಿನ ನಾಲ್ಕೂ ಹುಡುಗರು ಇಂಥ ಕಾರ್ಯಕ್ರಮದಲ್ಲಿ ಕೂತಿದ್ದವರೇ. ಜೈಲಿನ ಭಯ ಅವರಿಗೆ ಚೆನ್ನಾಗಿಯೇ ತಟ್ಟಿತ್ತು, ಅದಕ್ಕೇ ಫೋನ್ ಮಾಡಲಿಲ್ಲ. ಬಾಯಿ ಸೊಟ್ಟಗಾದರೆ ಏನು ಅಂತ ಯಾರೂ ಹೇಳಿರಲಿಲ್ಲ. ಮುಂದಿನ ಸಲ ಅದೇ ವೇದಿಕೆ ಮೇಲೆ ಒಬ್ಬ ಡಾಕ್ಟರಿಗೋ ನರ್ಸಿಗೋ 15 ನಿಮಿಷ ಕೊಡಿಸಿ. ಕರೆದರೆ ನಾನೇ ಬರುತ್ತೇನೆ, ತಟ್ಟೆ, ಕಡಲೆಕಾಳು ತರುತ್ತೇನೆ. ಬಿಡಬೇಕು ಅನ್ನುವವರಿಗೆ 14446, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416, ಈ ಎರಡು ನಂಬರುಗಳನ್ನು ಹಾಸ್ಟೆಲಿನ ನೋಟಿಸ್ ಬೋರ್ಡಿಗೆ 108ರ ಪಕ್ಕದಲ್ಲೇ ಹಾಕಿಸಿ.

ಹುಡುಗನ ಅಪ್ಪನಿಗೆ ಈಗ ಎಲ್ಲಾ ಗೊತ್ತಾಗಿದೆ. ಹೇಳಿದ್ದು ಆ ಗೆಳೆಯನೇ. ಎರಡು ವಾರ ಅವನನ್ನು ಹತ್ತಿರ ಸೇರಿಸಲಿಲ್ಲ. ಆಮೇಲೆ ಒಂದು ದಿನ ಆಟೋ ಸಿಗದೆ ಅವರೇ ಫೋನ್ ಮಾಡಿ ಕರೆದರಂತೆ. ಈಗ ಮತ್ತೆ ಇಬ್ಬರೂ ಸೇರಿ ಕರೆತರುತ್ತಾರೆ, ಒಬ್ಬರು ಆ ಕಡೆ, ಒಬ್ಬರು ಈ ಕಡೆ ಹಿಡಿದು. ಮಂಗಳವಾರ, ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ.

ಆ ಗೆಳೆಯ ಹೋದ ವಾರವೂ ಅದೇ ಪ್ರಶ್ನೆ ಕೇಳಿದ. ಸಾಹೇಬ್ರಿಗೆ ಕಾಗದ ಬರೆದು ಕೇಳುತ್ತೇನೆ ಅಂತ ಹೇಳಿದ್ದೇನೆ. ಅವತ್ತು ರಾತ್ರಿ ಹತ್ತೂವರೆಗೆ ಅವನು 108ಕ್ಕೆ ಫೋನ್ ಮಾಡಿದ್ದರೆ ಅವನನ್ನು ಹಿಡಿಯುತ್ತಿದ್ದರಾ, ಇಲ್ಲವಾ? ದಯವಿಟ್ಟು ಬರವಣಿಗೆಯಲ್ಲಿ ತಿಳಿಸಿ.

ಇತಿ ನಮಸ್ಕಾರಗಳೊಂದಿಗೆ,
ಒಬ್ಬ ಫಿಸಿಯೋಥೆರಪಿಸ್ಟ್